ಅಪ್ಪೆಹುಳಿ ಕುಡಿದು ಮಲಗಿದ ಮಧ್ಯಾಹ್ನ

ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ಕಡೆಯವರು ಒಂದು ಭಾನುವಾರ ಸೇರಿದ್ದಾಗ ನಾನು ಆಡಿದ ಮಾತು ಇದು. ಬರೆದು ಕೊಡಿ ಅಂದರು. ಎರಡೆರಡು ಸಲ ಹೇಳಿದ್ದನ್ನು ಒಂದು ಸಲ ಮಾಡಿದ್ದೇನೆ. ಉಳಿದದ್ದನ್ನು ಹಾಗೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳುತ್ತಿದೆ ಅಲ್ವಾ? ತೋಟದ ಆಚೆ ತುದಿಯಲ್ಲಿ ಇರುವವರನ್ನು ಊಟಕ್ಕೆ ಕೂಗಿ ರೂಢಿಯಾದವಳು ನಾನು. ಮೈಕು ಕೈ ಕೊಟ್ಟರೂ ತೊಂದರೆ ಇಲ್ಲ.

ನನಗೆ ಕೊಟ್ಟ ವಿಷಯ 'ಬೇಸಿಗೆಯಲ್ಲಿ ಹಳ್ಳಿ ಬದುಕಿನ ಸೊಗಸು'. ಫೋನು ಮಾಡಿದವರಿಗೆ ಕೇಳಿದೆ, "ಸೊಗಸು ಮಾತ್ರವಾ? ಫಜೀತಿಯನ್ನೂ ಹೇಳಬಹುದಾ?" ಅವರು ನಕ್ಕು, "ಹೇಳಿ, ಹೇಳಿ" ಅಂದರು. ಅವರು ತಮಾಷೆ ಅಂದುಕೊಂಡಿರಬೇಕು. ನನಗೆ ನಿಜವಾಗಿಯೂ ಎರಡನ್ನೂ ಬೇರೆ ಮಾಡಲು ಬರುವುದಿಲ್ಲ. ಯಾವ ಸುಖದ ನೆನಪು ತೆಗೆದರೂ ಅದರ ಬಾಲದಲ್ಲಿ ಒಂದು ಎಡವಟ್ಟು ಕಟ್ಟಿಕೊಂಡೇ ಬರುತ್ತದೆ.

ನಮ್ಮದು ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ಒಂದು ಸಣ್ಣ ಊರು. ಒಂದೂವರೆ ಎಕರೆ ಅಡಿಕೆ ತೋಟ, ಎರಡು ಎಮ್ಮೆ, ಒಂದು ಬಾವಿ. ಮತ್ತೆ ಒಂದು ಅಂಗಳ. ಈ ಅಂಗಳದ ಮೇಲೆಯೇ ಇವತ್ತು ಜಾಸ್ತಿ ಮಾತಾಡುತ್ತೇನೆ.

ನೀವು ಇಲ್ಲಿ ಏಪ್ರಿಲ್, ಮೇ ಅನ್ನುತ್ತೀರಿ. ನಮ್ಮಲ್ಲಿ ಕ್ಯಾಲೆಂಡರು ಗೋಡೆಯ ಮೇಲೆ ಇದ್ದರೂ ಲೆಕ್ಕ ಮಾತ್ರ ಮಳೆ ನಕ್ಷತ್ರದ್ದು. ಏಪ್ರಿಲ್ ನಡುವಿಗೆ ಅಶ್ವಿನಿ, ಕೊನೆಗೆ ಭರಣಿ, ಮೇ ಎರಡನೇ ವಾರಕ್ಕೆ ಕೃತ್ತಿಕೆ, ಮೇ ಕೊನೆಗೆ ರೋಹಿಣಿ. ಒಂದೊಂದಕ್ಕೆ 13-14 ದಿನ. ಜೂನ್ ಮೊದಲ ವಾರ ಮುಗಿಯುವ ಹೊತ್ತಿಗೆ ಮೃಗಶಿರೆ ಬರುತ್ತದೆ, ಅಲ್ಲಿಗೆ ಕೊಡೆ ಮೂಲೆಯಿಂದ ಕೈಗೆ ಬರುತ್ತದೆ. 'ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ' ಅನ್ನುವ ಗಾದೆ ನಿಮಗೂ ಗೊತ್ತು. ಗಾದೆ ಮಾಡಿದವರು ಗದ್ದೆಯವರೇ ಇರಬೇಕು. ಅವರ ಮನೆಯ ಅಂಗಳದಲ್ಲಿ ಆವತ್ತು ಹಪ್ಪಳ ಒಣಗುತ್ತಾ ಇರಲಿಲ್ಲ ಅಂತ ಕಾಣುತ್ತದೆ.

ಭರಣಿ ಅಂದರೆ ನಮ್ಮಲ್ಲಿ ಎರಡು ನೋಡಿ. ಒಂದು ಆಕಾಶದಲ್ಲಿ, ಇನ್ನೊಂದು ಅಟ್ಟದ ಮೇಲೆ. ಅಟ್ಟದ ಭರಣಿಯಲ್ಲಿ ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಯ ಎಳೆ ಮಾವಿನಕಾಯಿ, ಇರುತ್ತದೆ. ಬೇಸಿಗೆ ಶುರುವಾಗುವ ಹೊತ್ತಿಗೇ ಮಿಡಿ ಕೊಯ್ದು ಉಪ್ಪಿಗೆ ಹಾಕಿ ಆಗಿರುತ್ತದೆ. ಅಘನಾಶಿನಿ, ಶರಾವತಿ, ವರದಾ ಹೊಳೆಗಳ ದಂಡೆಯಲ್ಲಿ ತಾನಾಗಿ ಬೆಳೆದ ಮರಗಳು. ಒಂದು ಮರದ ಪರಿಮಳ ಇನ್ನೊಂದಕ್ಕಿಲ್ಲ. ಒಂದು ಜೀರಿಗೆಯ ಹಾಗೆ, ಇನ್ನೊಂದು ಕರ್ಪೂರದ ಹಾಗೆ. ಕೊಯ್ಯುವವನು ಮರ ಹತ್ತಿ ತೊಟ್ಟು ಸಮೇತ ಕೊಯ್ದು ಚೀಲದಲ್ಲಿ ಹಗ್ಗ ಕಟ್ಟಿ ಇಳಿಸಬೇಕು. ತೊಟ್ಟು ಮುರಿದರೆ ಸೊನೆ ಹೋಯಿತು, ಸೊನೆ ಹೋದರೆ ಪರಿಮಳ ಹೋಯಿತು. ನೆಲಕ್ಕೆ ಬಿದ್ದ ಮಿಡಿ ಉಪ್ಪಿನಕಾಯಿಗೆ ಬರುವುದಿಲ್ಲ, ಭರಣಿಯಲ್ಲಿ ಕೊಳೆತು ಪಕ್ಕದ್ದನ್ನೂ ಕೆಡಿಸುತ್ತದೆ. ಮಾರುವುದು ತೂಕಕ್ಕಲ್ಲ, ಎಣಿಕೆಗೆ. ಈಗ ಅಪ್ಪೆಮಿಡಿಗೆ ಜಿಐ ಗುರುತು, ಅಂದರೆ ಇದು ಇಂಥ ಸೀಮೆಯದ್ದೇ ಅನ್ನುವ ಸರ್ಕಾರಿ ಗುರುತು ಕೂಡ ಸಿಕ್ಕಿದೆ. ಸಿಕ್ಕಿದ ಮೇಲೆ ಮರ ಜಾಸ್ತಿ ಆದವಾ ಅಂತ ಕೇಳಬೇಡಿ. ರೆಂಬೆ ಸಮೇತ ಕಡಿದು ಮಿಡಿ ಇಳಿಸುವವರನ್ನು ನಾನೇ ನೋಡಿದ್ದೇನೆ.

ಭರಣಿಯ ಮುಚ್ಚಳ ತೆಗೆಯಲು ಅತ್ತೆಯ ಕಾಲದಲ್ಲಿ ಒಂದೇ ಕೈಗೆ ಅಧಿಕಾರ ಇತ್ತು. ಒದ್ದೆ ಕೈ, ಒದ್ದೆ ಸೌಟು ಹತ್ತಿರ ಸುಳಿಯಬಾರದು. ಒಂದು ಬೇಸಿಗೆ ರಜಕ್ಕೆ ಬಂದ ನಾದಿನಿಯ ಮಗ ಹೊಳೆಯಲ್ಲಿ ಈಜಿ ಬಂದವನು ಹಾಗೇ ಅಟ್ಟ ಹತ್ತಿ, ಮೊಣಕೈವರೆಗೆ ಕೈ ಇಳಿಸಿ, ಎರಡು ಮಿಡಿ ತೆಗೆದು ತಿಂದ. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಆಷಾಢದಲ್ಲಿ, ಭರಣಿಯೊಳಗೆ ಬಿಳಿ ಪದರ ಕಟ್ಟಿದಾಗ. ಅಷ್ಟು ಹೊತ್ತಿಗೆ ಅವನು ಹುಬ್ಬಳ್ಳಿಯಲ್ಲಿ ಶಾಲೆಗೆ ಹೋಗುತ್ತಿದ್ದ. ಹಣ್ಣು ತಿಂದವ ನುಣುಚಿಕೊಂಡ, ಸಿಪ್ಪೆ ತಿಂದವ ಸಿಕ್ಕಿಬಿದ್ದ ಅಂತಾರಲ್ಲ, ಬೈಗುಳ ಪೂರಾ ನನ್ನ ಮಗನಿಗೆ ಬಿತ್ತು. ಈಗ ಇಬ್ಬರೂ ದೊಡ್ಡವರಾಗಿದ್ದಾರೆ, ಇದೇ ಬೆಂಗಳೂರಲ್ಲೇ ಇದ್ದಾರೆ. ಒಬ್ಬ ಇವತ್ತು ಸಭೆಯಲ್ಲೂ ಇದ್ದಾನೆ, ತಲೆ ತಗ್ಗಿಸಿ ಕೂತಿದ್ದಾನೆ.

ಸರಿ, ಅಂಗಳ. ಮೇ ತಿಂಗಳಲ್ಲಿ ನಮ್ಮ ಅಂಗಳಕ್ಕೆ ಕಾಲಿಡಲು ಜಾಗ ಇರುವುದಿಲ್ಲ. ಒಂದು ಕಡೆ ಕಾಳುಮೆಣಸು. ಅದರ ಪಕ್ಕ ಮುರುಗಲು ಸಿಪ್ಪೆ, ನೀವು ಕೋಕಂ ಅನ್ನುತ್ತೀರಲ್ಲ, ಅದು. ಕೆಂಪಗೆ, ಅಂಟಂಟಾಗಿ, ಚಾಪೆಗೆ ಬಣ್ಣ ಹಚ್ಚಿಕೊಂಡು ಒಣಗುತ್ತದೆ. ಅದರ ಬೀಜ ಬೇರೆ ಮೊರದಲ್ಲಿ. ಆ ಬೀಜದಿಂದ ತುಪ್ಪ ತೆಗೆಯುತ್ತಾರೆ, ಮಳೆಗಾಲದಲ್ಲಿ ಹಿಮ್ಮಡಿ ಒಡೆದಾಗ ಹಚ್ಚಲು ಅದಕ್ಕಿಂತ ಒಳ್ಳೆಯದು ನನಗಂತೂ ಗೊತ್ತಿಲ್ಲ. ಮತ್ತೆ ಹುಣಸೆಹಣ್ಣು, ಮಜ್ಜಿಗೆ ಮೆಣಸು, ಸಂಡಿಗೆ, ವರ್ಷಕ್ಕಾಗುವಷ್ಟು ಕೊತ್ತಂಬರಿ ಬೀಜ, ಮಡಚಿ ಇಡಬೇಕಾದ ಹಾಸಿಗೆ, ಕಂಬಳಿ. ಅಂಚಿನಲ್ಲಿ ಕಟ್ಟಿಗೆ. ಮಳೆಗಾಲದ ನಾಲ್ಕು ತಿಂಗಳು ಮನೆಯೊಳಗೆ ಏನೇನು ಬೇಕೋ ಅದೆಲ್ಲಾ ಬಿಸಿಲಿನ ಸಾಲ. ರೋಹಿಣಿಯೊಳಗೆ ಆ ಸಾಲ ಪಡೆದು ಮುಗಿಸಬೇಕು. ಅದರ ಮೇಲೆ ಇನ್ನೊಂದು ತಮಾಷೆ ಇದೆ. ಬಾವಿ ತಳ ಕಂಡಿರುತ್ತದೆ, ತೋಟ ಬಾಡಿರುತ್ತದೆ, ದಿನಾ ಸಂಜೆ "ಒಂದು ಮಳೆ ಬಂದರೆ ಸಾಕಪ್ಪಾ" ಅಂತ ಎಲ್ಲರೂ ಮೋಡ ನೋಡುತ್ತಾರೆ. ಬೆಳಿಗ್ಗೆ ಎದ್ದು ಅದೇ ಬಾಯಲ್ಲಿ, "ಇವತ್ತೊಂದು ದಿನ ಬರದಿದ್ದರೆ ಸಾಕು, ಹಪ್ಪಳ ಒಣಗಲಿ." ದೇವರಿಗಾದರೂ ಯಾವುದನ್ನು ಕೇಳಿಸಿಕೊಳ್ಳಬೇಕು ಅಂತ ಗೊತ್ತಾಗಬೇಕಲ್ಲ.

ಈಗ ಹಪ್ಪಳಕ್ಕೆ ಬರುತ್ತೇನೆ. ಹಲಸಿನ ಹಪ್ಪಳ. ಅಂಗಡಿಯಲ್ಲಿ ಪ್ಯಾಕೆಟ್ ಕೊಂಡು ತಿಂದವರಿಗೆ ಅದರ ಹಿಂದಿನ ದಿನ ಹೇಗಿರುತ್ತದೆ ಅಂತ ಗೊತ್ತಿರಲಿಕ್ಕಿಲ್ಲ.

ಮೊದಲು ಕಾಯಿ. ಪೂರಾ ಬಲಿತಿರಬೇಕು, ಹಣ್ಣಾಗಿರಬಾರದು. ಬೆರಳಿನಿಂದ ತಟ್ಟಿ ಸದ್ದು ಕೇಳಿ ಹೇಳುವವರು ಇರುತ್ತಾರೆ. ನಮ್ಮನೆಯಲ್ಲಿ ಮಾವ ಹೇಳುತ್ತಿದ್ದರು, ನನಗೆ ಇವತ್ತಿಗೂ ಆ ಸದ್ದಿನ ವ್ಯತ್ಯಾಸ ತಿಳಿದಿಲ್ಲ. ಜಾತಿ ಗಟ್ಟಿ ಸೊಳೆಯ ಬಕ್ಕೆಯೇ ಆಗಬೇಕು. ಕರಾವಳಿಯವರು ತುಳುವ ಅನ್ನುವ ಆ ಮೆತ್ತಗಿನ ಜಾತಿ ಕಡುಬಿಗೆ ಚೆನ್ನ, ಹಪ್ಪಳಕ್ಕೆ ಸಲ್ಲ. ಮರದಿಂದ ಹಗ್ಗ ಕಟ್ಟಿ ಇಳಿಸಬೇಕು. ಒಂದು ಕಾಯಿ ಎತ್ತಲು ಇಬ್ಬರು ಬೇಕಾದ ದಿನಗಳೂ ಇವೆ.

ಆಮೇಲೆ ಮೇಣ. ಕೈಗೆ, ಕತ್ತಿಗೆ, ಮಣೆಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕೂತರೂ ಮೇಣ ತನ್ನ ದಾರಿ ಹುಡುಕಿಕೊಳ್ಳುತ್ತದೆ. ಕಾಯಿ ಸೀಳಿದ ಕೂಡಲೇ ಹಾಲಿನ ಹಾಗೆ ಇಳಿಯುತ್ತದೆ. ಅದನ್ನು ಒಂದು ಕಡ್ಡಿಗೆ ಸುತ್ತಿ ಸುತ್ತಿ ತೆಗೆಯುವುದು ಮಕ್ಕಳ ಕೆಲಸ. ನಾನು ಮದುವೆಯಾಗಿ ಬಂದ ಮೊದಲ ಬೇಸಿಗೆ. ಹೊಸ ಸೊಸೆ, ಕೆಲಸ ಗೊತ್ತಿದೆ ಅಂತ ತೋರಿಸುವ ಹಟ. ಬಾಗಿ ಸೊಳೆ ಬಿಡಿಸುವಾಗ ಜಡೆಯ ತುದಿ ಹೋಗಿ ಸೀಳಿದ ಕಾಯಿಯ ನಡುವೆ ಕೂತಿತು. ಅತ್ತೆ ಏನೂ ಅನ್ನಲಿಲ್ಲ. ಒಳಗಿಂದ ಎಣ್ಣೆ ಗಿಂಡಿ, ಕತ್ತರಿ ಎರಡನ್ನೂ ತಂದು ನನ್ನ ಮುಂದೆ ಇಟ್ಟು, "ಯಾವುದು ಬೇಕು ನೋಡು ತಂಗಿ" ಅಂದರು. ಒಂದು ಗಂಟೆ ಎಣ್ಣೆ ತಿಕ್ಕಿಕೊಂಡೆ. ಕೊನೆಗೆ ಕತ್ತರಿಯೇ ಗೆದ್ದಿತು.

ಸೊಳೆ ಬಿಡಿಸಿ, ಬೀಜ ಬೇರೆ ಮಾಡಿ, ಹಬೆಯಲ್ಲಿ ಬೇಯಿಸುತ್ತಾರೆ. ಬಿಸಿ ಆರುವ ಮುಂಚೆಯೇ ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಬೇಕು. ಇಬ್ಬರು ಎದುರುಬದುರು ನಿಂತು, ಒಬ್ಬರ ಒನಕೆ ಏಳುವಾಗ ಇನ್ನೊಬ್ಬರದು ಇಳಿಯಬೇಕು. ಉಪ್ಪು, ಮೆಣಸಿನ ಪುಡಿ, ಜೀರಿಗೆ ಬೀಳುತ್ತದೆ. ಹಿಟ್ಟು ನುಣ್ಣಗಾದ ಮೇಲೆ ಲಿಂಬೆ ಗಾತ್ರದ ಉಂಡೆ. ಎಣ್ಣೆ ಸವರಿದ ಎರಡು ಹಾಳೆಯ ನಡುವೆ ಉಂಡೆ ಇಟ್ಟು ಮಣೆಯಿಂದ ಒತ್ತಿದರೆ ಒಂದು ಹಪ್ಪಳ. ಹಿಂದೆ ಬಾಳೆ ಎಲೆ ಇತ್ತು, ಈಗ ಪ್ಲಾಸ್ಟಿಕ್ ಹಾಳೆ. ಒತ್ತುವವರು ಒಬ್ಬರು, ಚಾಪೆಗೆ ಹಾಕುವವರು ಒಬ್ಬರು. ಕೇರಿಯ ಹೆಂಗಸರು ಇವತ್ತು ನಮ್ಮನೆ, ನಾಳೆ ಅವರ ಮನೆ ಅಂತ ಸರದಿ ಹಾಕಿಕೊಂಡು ಬರುತ್ತಾರೆ. ಯಾರ ಮಗಳಿಗೆ ಎಲ್ಲಿಂದ ಪ್ರಸ್ತಾಪ ಬಂತು, ಯಾರ ಮನೆಯಲ್ಲಿ ಹಿಸ್ಸೆ ಆಗುತ್ತದೆ, ಎಲ್ಲಾ ಅಲ್ಲೇ. ಆ ಕಾಲದಲ್ಲಿ ಊರಿನ ನ್ಯೂಸ್ ಚಾನೆಲ್ ಅದು. ಮಕ್ಕಳು ಸುತ್ತ ಕೂತು ಹಸಿ ಹಿಟ್ಟಿಗೆ ಕೊಬ್ಬರಿ ಎಣ್ಣೆ ಹಾಕಿಕೊಂಡು ತಿನ್ನುತ್ತಾರೆ. ಹಪ್ಪಳಕ್ಕಿಂತ ಆ ಹಿಟ್ಟೇ ರುಚಿ ಅಂತ ನನ್ನ ಅಭಿಪ್ರಾಯ. ಹಸಿದು ಹಲಸು, ಉಂಡು ಮಾವು ಅನ್ನುವ ಗಾದೆ ಮಕ್ಕಳಿಗೆ ಲಾಗೂ ಇಲ್ಲ. ಉಂಡು ಹಲಸು, ತಿರುಗಿ ಹಲಸು, ರಾತ್ರಿ ಹೊಟ್ಟೆನೋವು, ಬೆಳಿಗ್ಗೆ ಮತ್ತೆ ಹಲಸು.

ಈಗ ನಾನು ಹೇಳಲು ಬಂದ ಆ ಮಧ್ಯಾಹ್ನ. ನನ್ನ ಎರಡನೇ ಬೇಸಿಗೆ ಅದು. ಕೃತ್ತಿಕೆ ನಡೆಯುತ್ತಿತ್ತು. ಹಿಂದಿನ ದಿನ ಮೂರು ದೊಡ್ಡ ಕಾಯಿಯ ಹಪ್ಪಳ ಮಾಡಿದ್ದೆವು. ಅಂಗಳದ ತುಂಬಾ ಚಾಪೆ, ಚಾಪೆಯ ತುಂಬಾ ಹಪ್ಪಳ, ಒಂದಕ್ಕೊಂದು ತಾಗದ ಹಾಗೆ ಸಾಲಾಗಿ. ಬೆಳಿಗ್ಗೆ ಒಂದು ಸಲ ಮಗುಚಿ ಹಾಕಿ ಆಗಿತ್ತು. ಬಿಸಿಲು ಎಂದರೆ ಬಿಸಿಲು. ಆವತ್ತು ಅಡುಗೆಗೆ ಅತ್ತೆ ಅಪ್ಪೆಹುಳಿ ಮಾಡಿದ್ದರು.

ಅಪ್ಪೆಹುಳಿ ಗೊತ್ತಿಲ್ಲದವರು ಇಲ್ಲಿ ನಾಲ್ಕಾದರೂ ಜನ ಇರುತ್ತೀರಿ, ಅಳಿಯಂದಿರು, ಸೊಸೆಯಂದಿರು. ಹುಳಿ ಮಾವಿನಕಾಯಿ ಬೇಯಿಸಿ, ಹಿಚುಕಿ, ಅದರ ರಸಕ್ಕೆ ಧಾರಾಳ ನೀರು, ಉಪ್ಪು ಹಾಕಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಇಂಗು, ಸೂಜಿಮೆಣಸಿನ ಒಗ್ಗರಣೆ. ಅನ್ನಕ್ಕೆ ಹಾಕಿಕೊಳ್ಳಬಹುದು, ಆದರೆ ಅದು ಲೋಟದಲ್ಲಿ ಕುಡಿಯುವ ಪದಾರ್ಥ. ಹುಳಿ, ಖಾರ, ಉಪ್ಪು ಮೂರೂ ನಾಲಿಗೆಯ ಮೇಲೆ ಒಟ್ಟಿಗೆ ಜಗಳ ಆಡುತ್ತವೆ. ಎರಡು ಲೋಟ ಇಳಿದ ಮೇಲೆ ಕಣ್ಣು ತಾನಾಗಿ ಮುಚ್ಚುತ್ತದೆ. ಅಪ್ಪೆಹುಳಿ ಕುಡಿದರೆ ನಿದ್ದೆ ಬರುತ್ತದೆ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಮಾವಿನಕಾಯಿಯಲ್ಲಿ ಏನಿದೆಯೋ, ಅಥವಾ ಹೊಟ್ಟೆ ತುಂಬಾ ಉಂಡ ಮೇಲೆ ಮೇ ತಿಂಗಳ ಮಧ್ಯಾಹ್ನ ಯಾವುದನ್ನು ಕುಡಿದರೂ ಹೀಗೆಯೋ, ಡಾಕ್ಟರು ಯಾರಾದರೂ ಇದ್ದರೆ ಹೇಳಬೇಕು.

ಆವತ್ತು ಮಾವ ಮೂರು ಲೋಟ ಕುಡಿದರು. ಮೈದುನ ನಾಲ್ಕು. ನಮ್ಮನೆಯವರು ಎಷ್ಟು ಅಂತ ಲೆಕ್ಕ ಇಟ್ಟಿಲ್ಲ. ಜಗಲಿಯ ತಣ್ಣನೆ ನೆಲದ ಮೇಲೆ ಸಾಲಾಗಿ ಮಲಗಿದರು, ಚಾಪೆಯ ಮೇಲಿನ ಹಪ್ಪಳದ ಹಾಗೇ. ಅಂಗಳ ಕಾಯಲು ಕೂತವಳು ನಾನು. ಕೈಯಲ್ಲಿ ಒಂದು ಕೋಲು, ಕಾಗೆ ಓಡಿಸಲು. ಕಂಬಕ್ಕೆ ಒರಗಿ ಕೂತಿದ್ದು ನೆನಪಿದೆ. ಜೀರುಂಡೆ ಒಂದೇ ಸಮನೆ ಕೂಗುತ್ತಿತ್ತು. ಅದು ನಿಂತದ್ದು ನೆನಪಿಲ್ಲ.

ನಮ್ಮ ಕಡೆ ಬೇಸಿಗೆಯ ಮಳೆ ಹೇಳಿ ಕೇಳಿ ಬರುವುದಲ್ಲ. ಮೂರು ಗಂಟೆಗೆ ಆಕಾಶದಲ್ಲಿ ಏನೂ ಇರುವುದಿಲ್ಲ. ಮೂರೂವರೆಗೆ ಗುಡ್ಡದ ಹಿಂದಿನಿಂದ ಒಂದು ಕಪ್ಪು ಗೋಡೆ ಎದ್ದು ಬರುತ್ತದೆ. ಮೊದಲು ಗಾಳಿ. ತೋಟದ ಅಡಿಕೆ ಮರಗಳೆಲ್ಲಾ ಒಂದೇ ಕಡೆ ಬಾಗುತ್ತವೆ. ದರಕು ಎಲ್ಲಾ ಎದ್ದು ಸುತ್ತುತ್ತದೆ. ದರಕು ಅಂದರೆ ಒಣಗಿದ ಎಲೆ. ಆಮೇಲೆ ಆ ವಾಸನೆ. ಆ ವಾಸನೆ ಮೂಗಿಗೆ ಬಿದ್ದ ಮೇಲೆ ನಿಮಗೆ ಇರುವುದು ಜಾಸ್ತಿ ಅಂದರೆ ಎರಡು ನಿಮಿಷ.

ಆಚೆ ಮನೆಯ ಅಜ್ಜಿ ಕೂಗಿದ್ದು ಕೇಳಿ ಎಚ್ಚರ ಆಯಿತು. "ಮಳೆ ಬಂತ್ರೇ! ಹಪ್ಪಳ ಎತ್ರೇ!" ಕಣ್ಣು ಬಿಟ್ಟರೆ ಅಂಗಳ ಕತ್ತಲೆ. ಒಂದು ದೊಡ್ಡ ಹನಿ ಹೆಂಚಿಗೆ ಟಪ್ ಅಂತು. ನಾನು ಕೂಗಿದೆ, ಅತ್ತೆ ಒಳಗಿಂದ ಓಡಿ ಬಂದರು, ಗಂಡಸರು ಎದ್ದು ಪಂಚೆ ಹುಡುಕಿದರು. ಆಮೇಲೆ ನಡೆದದ್ದನ್ನು ಯಾರಾದರೂ ಮೇಲಿನಿಂದ ನೋಡಿದ್ದರೆ ಕಳ್ಳರು ನುಗ್ಗಿದ್ದಾರೆ ಅಂದುಕೊಳ್ಳುತ್ತಿದ್ದರು. ಮಾವ ಒಂದು ಚಾಪೆಯನ್ನು ಈ ಕಡೆಯಿಂದ ಎಳೆದರು, ಮೈದುನ ಅದೇ ಚಾಪೆಯನ್ನು ಆ ಕಡೆಯಿಂದ. ಹಪ್ಪಳ ನಡುವೆ ಗುಡ್ಡೆಯಾಯಿತು. ನಮ್ಮನೆಯವರು ಹಪ್ಪಳ ಬಿಟ್ಟು ಕಾಳುಮೆಣಸಿನ ಕಡೆ ಓಡಿದರು. "ಅದಕ್ಕೆ ದುಡ್ಡು ಬತ್ತು!" ಅಂತ ಓಡುತ್ತಲೇ ಹೇಳಿದ್ದು ಅತ್ತೆಗೆ ಎಷ್ಟೋ ವರ್ಷ ಮರೆಯಲಿಲ್ಲ. ಮುರುಗಲು ಸಿಪ್ಪೆಯ ಮೊರ ಎತ್ತಿದವಳು ನಾನು. ಎತ್ತಿಕೊಂಡು ಜಗಲಿಯ ಮೆಟ್ಟಿಲು ಎಡವಿ ಮಾವನ ಬಿಳಿ ಪಂಚೆಯ ಮೇಲೆ ಪೂರಾ ಸುರಿದೆ. ಕೆಂಪು ಕಲೆ. ಅದು ಹೋಗುವ ಕಲೆ ಅಲ್ಲ.

ಅಷ್ಟರಲ್ಲಿ ಆಲಿಕಲ್ಲು ಬಿತ್ತು. ಅಲ್ಲಿಯವರೆಗೆ ಹಪ್ಪಳಕ್ಕೆ ಕೈ ಹಾಕದ ಮಕ್ಕಳೆಲ್ಲಾ ಎಲ್ಲಿಂದಲೋ ಬಂದರು. ಕಂಬಳಿ ಬಿಡಿಸಿ ಹಿಡಿದರು. ಕಂಬಳಿ ಒಣಗಲು ಹಾಕಿದ್ದು, ನೆನಪಿರಲಿ. ಆಲಿಕಲ್ಲು ಹೆಕ್ಕಿ ಬಾಯಿಗೆ ಹಾಕಿಕೊಂಡು ಕುಣಿದರು. ಅರ್ಧ ಗಂಟೆಯಲ್ಲಿ ಎಲ್ಲಾ ಮುಗಿಯಿತು. ಅಂಗಳದಲ್ಲಿ ಕೆಂಪು ನೀರು, ನೀರಿನಲ್ಲಿ ಅಲ್ಲೊಂದು ಇಲ್ಲೊಂದು ಹಪ್ಪಳ, ಅದನ್ನು ಮೂಸಿ ನೋಡುವ ನಾಯಿ. ಯಾರೂ ಮಾತಾಡಲಿಲ್ಲ. ಆಮೇಲೆ ಮಾವ ಪಂಚೆ ನೋಡಿಕೊಂಡು, "ಅಂತೂ ಭಾವಿಗೆ ನೀರಾತು" ಅಂದರು. ಅತ್ತೆಗೆ ನಗು ತಡೆಯಲಿಲ್ಲ. ಆ ಮನೆಯಲ್ಲಿ ನಾನು ಹೆದರಿಕೆ ಬಿಟ್ಟು ನಕ್ಕದ್ದು ಅವತ್ತೇ ಮೊದಲು. ಒದ್ದೆ ಹಪ್ಪಳದ ಕಥೆ ಕೊನೆಯಲ್ಲಿ ಹೇಳುತ್ತೇನೆ.

ದರಕಿನ ಮಾತು ಬಂತು. ತೋಟಕ್ಕೆ, ಕೊಟ್ಟಿಗೆಗೆ ಸೊಪ್ಪು, ದರಕು ತರುವುದು ಬೆಟ್ಟದಿಂದ. ನಮ್ಮ ಜಿಲ್ಲೆಯಲ್ಲಿ ಬ್ರಿಟಿಷರ ಕಾಲದಿಂದ ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟದ ಹಕ್ಕು ಇದೆ, ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ. ಬೇಸಿಗೆಯಲ್ಲಿ ಬೆಳಿಗ್ಗೆ ಬೇಗ ಹೋಗಿ ದರಕು ಗುಡಿಸಿ ಹಗ್ಗದ ಕಲ್ಲಿಯಲ್ಲಿ ಕಟ್ಟಿ ತರುವುದು ಒಳ್ಳೆಯ ಕೆಲಸ. ತಂಪು, ಹಕ್ಕಿ ಸದ್ದು, ದಾರಿಯಲ್ಲಿ ಕವಳಿ ಹಣ್ಣು. ಆದರೆ ಅದೇ ದರಕಿನ ಅಡಿಯಲ್ಲಿ ಉಣುಗು ಇರುತ್ತದೆ, ಮೈಗೆ ಕಚ್ಚಿ ರಕ್ತ ಹೀರುವ ಸಣ್ಣ ಉಣ್ಣೆ. ಇದನ್ನು ನಗುತ್ತಾ ಹೇಳಲು ಆಗುವುದಿಲ್ಲ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ, 1957ರಲ್ಲಿ. ಜಗತ್ತಿನ ವೈದ್ಯರೆಲ್ಲಾ ಅದನ್ನು ಆ ಊರಿನ ಹೆಸರಿನಿಂದಲೇ ಕರೆಯುತ್ತಾರೆ. ಒಂದು ಊರಿಗೆ ಇಂಥಾ ಖ್ಯಾತಿ ಬೇಡ ಅಂದರೂ ಬರುತ್ತದೆ. ಹೆಸರು ಮಂಗನದ್ದಾದರೂ ಕಚ್ಚುವುದು ಉಣುಗು. ಮಂಗ ನಮ್ಮ ಹಾಗೇ ಸಾಯುವ ಪಾಪದ್ದು. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಆ ಕಾಯಿಲೆಯ ಕಾಲ. 2019ರ ಶುರುವಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಜನ ಸತ್ತರು. ಆ ಬೇಸಿಗೆ ನಮ್ಮೂರಿನಲ್ಲಿ ಯಾರೂ ಬೆಟ್ಟ ಹತ್ತಲಿಲ್ಲ. ಈಗ ಆರೋಗ್ಯ ಇಲಾಖೆಯವರು ಕೊಡುವ, ಉಣುಗು ಹತ್ತದ ಹಾಗೆ ಮಾಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡು ಹೋಗುತ್ತೇವೆ, ಬಂದ ಮೇಲೆ ಬಿಸಿನೀರು ಸ್ನಾನ, ಬಟ್ಟೆ ಬೇರೆ. ರಜಕ್ಕೆ ಊರಿಗೆ ಹೋಗುವ ನಿಮ್ಮ ಮಕ್ಕಳಿಗೂ ಇದನ್ನು ಹೇಳಿ ಕಳಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗುವುದು ಬೇಡ, ದೊಡ್ಡವರಿಗೆ ಹೇಳಲಿ.

ಬದುಕಿರುವ ಮಂಗದ ಕಥೆ ಬೇರೆ. ಅದು ಹಪ್ಪಳ ತಿನ್ನುವುದಿಲ್ಲ. ಒಂದು ತುಂಡು ಕಚ್ಚಿ, ಖಾರ ಅಂತ ಬಿಸಾಡಿ, ಮುಂದಿನದನ್ನು ನೋಡುತ್ತದೆ, ಅದಾದರೂ ಖಾರ ಇಲ್ಲವೇನೋ ಅಂತ. ಹೀಗೆ ಚಾಪೆ ಪೂರಾ.

ಕರೆಂಟಿನ ವಿಷಯ ಬೇಗ ಮುಗಿಸುತ್ತೇನೆ, ಅದು ನಿಮಗೂ ಗೊತ್ತಿರುವುದೇ. ಮೊದಲ ಗಾಳಿಗೆ ಅಡಿಕೆ ಮರ ತಂತಿಯ ಮೇಲೆ ಬೀಳುತ್ತದೆ. ಮೂರು ದಿನ ಕತ್ತಲೆ. ಮಿಕ್ಸಿ ಸುಮ್ನೆ ಕೂರುತ್ತದೆ, ಒರಳಿಗೆ ಮರ್ಯಾದೆ ಬರುತ್ತದೆ. ಸಿಡಿಲಿಗೆ ಮೋಡೆಮ್ ಸುಡುತ್ತದೆ. ವರ್ಕ್ ಫ್ರಮ್ ಹೋಮ್ ಅಂತ ಬಂದ ನನ್ನ ಮಗ ಲ್ಯಾಪ್‌ಟಾಪ್ ಹಿಡಿದುಕೊಂಡು ಗುಡ್ಡದ ನೆತ್ತಿಗೆ ಹೋಗಿ ಮೀಟಿಂಗ್ ಮಾಡಿದ. ಮೀಟಿಂಗಿನ ನಡುವೆ ದನವೊಂದು ಪರದೆಯಲ್ಲಿ ಬಂತಂತೆ. ಅವತ್ತಿನ ಮೀಟಿಂಗಿನಲ್ಲಿ ಎಲ್ಲರೂ ಎಚ್ಚರ ಇದ್ದದ್ದು ಆಗಲೇ ಅಂದ.

ನೀರು ಮಾತ್ರ ತಮಾಷೆ ಅಲ್ಲ. 2023ರ ಮಳೆ ಕೈ ಕೊಟ್ಟಿತು. 2024ರ ಬೇಸಿಗೆಯಲ್ಲಿ ನೀವು ಇಲ್ಲಿ ಟ್ಯಾಂಕರಿಗೆ ಕಾದಿರಿ. ನಿಮ್ಮದು ಟೀವಿಯಲ್ಲಿ ಬಂತು, ನಮ್ಮದು ಬರಲಿಲ್ಲ ಅಷ್ಟೇ. ಮಳೆಗಾಲದಲ್ಲಿ ಅಂಗಳಕ್ಕೇ ಹೊಳೆ ಬರುವ ಊರಿನಲ್ಲಿ ಮೇ ತಿಂಗಳು ಬಾವಿಗೆ ಏಣಿ ಇಳಿಸಿ, ತಳದ ಗುಂಡಿಯಿಂದ ಚೊಂಬಿನಲ್ಲಿ ತುಂಬಿದೆವು. ಎಮ್ಮೆಗೆ ಮೊದಲು, ನಮಗೆ ಆಮೇಲೆ. ಬಾವಿಯ ತಳದಲ್ಲಿ ಅವತ್ತು ಮೂರು ಚೊಂಬು, ಒಂದು ಕನ್ನಡಕ, ಯಾವ ಕಾಲದ್ದೋ ಒಂದು ಹಿತ್ತಾಳೆ ಕೊಡ ಸಿಕ್ಕಿತು. ಆ ಕೊಡ ಯಾರು ಬೀಳಿಸಿದ್ದು ಅಂತ ಮನೆಯಲ್ಲಿ ಒಂದು ವಾರ ವಿಚಾರಣೆ ನಡೆಯಿತು. ಎಲ್ಲರೂ ತೀರಿಹೋದ ಅತ್ತೆಯ ಮೇಲೆ ಹಾಕಿ ಕೈ ತೊಳೆದುಕೊಂಡರು.

ಇನ್ನು ಗಂಡಸರ ಅಂಗಳ. ಮೇ ಕೊನೆಗೆ ಅವರದ್ದೊಂದು ಅಡುಗೆ ಇರುತ್ತದೆ, ಕೊಳೆ ಮದ್ದು. ಮಳೆ ಹಿಡಿದ ಮೇಲೆ ಎಳೆ ಅಡಿಕೆಗೆ ಕೊಳೆ ಬಂದು ಉದುರುತ್ತದೆ. ಹಿಂದೆ ಕರಡದ, ಅಂದರೆ ಒಣ ಹುಲ್ಲಿನ, ಕೊಟ್ಟೆ ಹೆಣೆದು ಒಂದೊಂದು ಅಡಿಕೆ ಗೊನೆಗೂ ಟೋಪಿ ತೊಡಿಸುತ್ತಿದ್ದರು. ಬೋರ್ಡೋ ದ್ರಾವಣ ಹೊಡೆದರೆ ಕೊಳೆ ತಡೆಯಬಹುದು ಅಂತ ತೋರಿಸಿದ್ದು ಲೆಸ್ಲಿ ಕೋಲ್ಮನ್, ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದವರು. ಅದು ಫ್ರಾನ್ಸಿನ ದ್ರಾಕ್ಷಿ ತೋಟದ ಔಷಧ. ನಮ್ಮ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು, ಆದರೆ ಅಡಿಕೆಗೂ ಕೊಳೆಗೂ ಗಡಿ ಗೊತ್ತಿಲ್ಲವಲ್ಲ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರು ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಸೇರಿಸಬೇಕು. ಹದ ನೋಡಲು ಹೊಳೆಯುವ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ ತೆಗೆಯುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ನಾನು ಸಾರಿಗೆ ಉಪ್ಪು ನೋಡುವಷ್ಟೇ ಶ್ರದ್ಧೆ ಅದಕ್ಕೂ. ಬಣ್ಣವಂತೂ ಆಕಾಶನೀಲಿ, ನೋಡಲು ಬಲು ಚೆಂದ. ತೋಟ, ಪಂಪು, ಮರ ಹತ್ತುವ ಕೊನೆಗಾರನ ಮೀಸೆ, ಅಂಗಳಕ್ಕೆ ಬಂದ ಬಿಳಿ ಬೆಕ್ಕು ಎಲ್ಲಾ ಒಂದೇ ಬಣ್ಣ. ಮದ್ದು ಹೊಡೆದ ಮೇಲೆ ಒಣಗಲು ಕೆಲವು ತಾಸು ಬಿಸಿಲು ಬೇಕು. ಹಾಗಾಗಿ ನಮ್ಮ ಹಪ್ಪಳದ ಗತಿಯೇ ಅವರ ಮದ್ದಿಗೂ. ಆ ಒಂದು ವಾರ ಗಂಡ ಹೆಂಡತಿ ಇಬ್ಬರೂ ಒಂದೇ ಮೋಡವನ್ನು ಬೈಯುತ್ತಾ ಕೂತಿರುತ್ತೇವೆ. ಸಂಸಾರದಲ್ಲಿ ಅಷ್ಟು ಒಮ್ಮತ ಬೇರೆ ಯಾವಾಗಲೂ ಬರುವುದಿಲ್ಲ.

2025ರಲ್ಲಿ ನಮ್ಮ ಲೆಕ್ಕವೆಲ್ಲಾ ತಪ್ಪಿತು. ಮುಂಗಾರು ಕೇರಳಕ್ಕೆ ಬರುವುದು ಜೂನ್ 1ಕ್ಕೆ ಅಂತ ವಾಡಿಕೆ. ಆ ವರ್ಷ ಮೇ 24ಕ್ಕೇ ಬಂತು, ಎರಡು ಮೂರು ದಿನದಲ್ಲಿ ನಮ್ಮ ಕಡೆಗೂ ಇಳಿಯಿತು. ರೋಹಿಣಿ ಇನ್ನೂ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಇದ್ದಳು. ಕಟ್ಟಿಗೆ ಹೊರಗೆ, ಮದ್ದು ಡ್ರಮ್ಮಿನಲ್ಲಿ, ಅಂಗಳದ ಚಪ್ಪರ ಬಿಚ್ಚಿರಲಿಲ್ಲ. "ಇನ್ನೊಂದು ವಾರ ಇದೆ" ಅಂದವರೆಲ್ಲಾ ಆ ಮಳೆಗಾಲ ಹಸಿ ಕಟ್ಟಿಗೆ ಊದಿದರು. ನಾನೂ ಊದಿದೆ. ಕೊಳವೆಯಲ್ಲಿ ಊದಿ ಊದಿ ಕಣ್ಣು ಕೆಂಪಾಗಿದ್ದಾಗ ಫೋನಿನಲ್ಲಿ ಮಗಳು, "ಅಮ್ಮಾ, ಮಳೆ ಬಂತಂತೆ, ಎಷ್ಟು ಚಂದ ಅಲ್ವಾ" ಅಂದಳು.

ಚಂದವೇ. ಅದನ್ನು ಇಲ್ಲ ಅನ್ನಲಾರೆ. ಮೊದಲ ದೊಡ್ಡ ಮಳೆ ನಿಂತ ರಾತ್ರಿ ನಮ್ಮೂರಿಗೆ ಬನ್ನಿ. ಕರೆಂಟು ಹೇಗೂ ಇರುವುದಿಲ್ಲ. ಬುಡ್ಡಿ ದೀಪ ಹಚ್ಚಿದರೆ ರೆಕ್ಕೆ ಬಂದ ಗೆದ್ದಲು ಹುಳ ಸಾವಿರಗಟ್ಟಲೆ ನುಗ್ಗಿ ಅನ್ನದ ಮೇಲೆ ಬೀಳುತ್ತವೆ. ಹಾಗಾಗಿ ದೀಪವನ್ನೂ ಆರಿಸಿ ಕತ್ತಲಲ್ಲೇ ಉಣ್ಣುತ್ತೇವೆ. ಜಗಲಿಯ ಮೂಲೆಯಲ್ಲಿ ಕಪ್ಪೆಯೊಂದು ಕೂತು ಬಿದ್ದ ಹುಳಗಳನ್ನು ನಿಧಾನಕ್ಕೆ ಮುಗಿಸುತ್ತದೆ. ಕೈ ತೊಳೆಯಲು ಹೊರಗೆ ಬಂದರೆ ತೋಟದ ಇಳಿಜಾರಿನ ಉದ್ದಕ್ಕೂ ಮಿಂಚುಹುಳ. ಒಂದು ಮರ ಹೊತ್ತಿಕೊಂಡ ಹಾಗೆ ಮಿನುಗಿ ಆರುತ್ತದೆ, ಪಕ್ಕದ ಮರ ಹೊತ್ತಿಕೊಳ್ಳುತ್ತದೆ. ಒಂದು ವರ್ಷ ಮೊಮ್ಮಗಳು ಅದನ್ನು ನೋಡುತ್ತಾ ನಿಂತು, "ಅಜ್ಜಿ, ಇದರ ಸ್ವಿಚ್ ಎಲ್ಲಿದೆ?" ಅಂದಳು. ಅದೇ ಹೊತ್ತಿಗೆ ಅವಳ ಕಾಲಿಗೆ ಆ ವರ್ಷದ ಮೊದಲ ಉಂಬಳ, ಅಂದರೆ ಜಿಗಣೆ, ಹತ್ತಿತ್ತು. ಆಮೇಲಿನ ಕೂಗಾಟಕ್ಕೆ ಮಿಂಚುಹುಳ ನೋಡುವವರು ಯಾರೂ ಉಳಿಯಲಿಲ್ಲ.

ಸಮಯ ಆಯಿತು ಅಂತ ಸನ್ನೆ ಮಾಡುತ್ತಿದ್ದಾರೆ. ಒದ್ದೆ ಹಪ್ಪಳದ ಕಥೆ ಹೇಳುತ್ತೇನೆ ಅಂದಿದ್ದೆ. ಅವತ್ತು ರಾತ್ರಿ ಅತ್ತೆ ಒಂದನ್ನೂ ಬಿಸಾಡಲು ಬಿಡಲಿಲ್ಲ. ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಅಂಟಿಕೊಂಡದ್ದನ್ನು ಬಿಡಿಸಿ, ಒಲೆಯ ಮೇಲಿನ ಅಟ್ಟದಲ್ಲಿ ಮೊರ ಹರಡಿ ಇಟ್ಟರು. ನಾಲ್ಕು ದಿನ ಹೊಗೆಯಲ್ಲಿ ಒಣಗಿದವು. ಆಕಾರ ಯಾವುದಕ್ಕೂ ಉಳಿದಿರಲಿಲ್ಲ, ಬಣ್ಣ ಕಂದು. ಕೆಲವಕ್ಕೆ ಬೂಷ್ಟು ಬಂತು, ಅದು ಎಮ್ಮೆಗೆ ಹೋಯಿತು. ಉಳಿದದ್ದನ್ನು ಜುಲೈ ತಿಂಗಳ ಒಂದು ಸಂಜೆ, ಜಡಿಮಳೆಯಲ್ಲಿ, ಕೆಂಡದ ಮೇಲೆ ಸುಟ್ಟು ಕೊಬ್ಬರಿ ಎಣ್ಣೆ ಸವರಿ ಕೊಟ್ಟರು. ಮಾವ ಒಂದು ತಿಂದು ಸುಮ್ಮನಾದರು. ಎರಡನೆಯದನ್ನು ತಿಂದು, "ಬಪ್ಪ ವರ್ಷವೂ ಹಿಂಗೇ ಮಾಡಿ" ಅಂದರು.

ಅಂದಿನಿಂದ ಪ್ರತಿ ವರ್ಷ ಒಂದು ಮೊರದಷ್ಟು ಹಪ್ಪಳವನ್ನು ಬೇಕೆಂದೇ ಹೊಗೆ ಅಟ್ಟದಲ್ಲಿ ಒಣಗಿಸುತ್ತೇವೆ. ಈ ಸಲದ್ದು ಆ ಸ್ಟೀಲಿನ ಡಬ್ಬದಲ್ಲಿದೆ, ಬಾಗಿಲ ಹತ್ತಿರದ ಟೇಬಲ್ಲಿನ ಮೇಲೆ. ನಲವತ್ತೆರಡು ತಂದಿದ್ದೆ, ರೈಲಿನಲ್ಲಿ ಮೂರು ಖರ್ಚಾಯಿತು. ನೀವು ಇಲ್ಲಿ ಅರವತ್ತು ಜನ ಕಾಣುತ್ತೀರಿ. ಹಿಂದಿನ ಸಾಲಿನವರು ಬಾಗಿಲಿಗೆ ಹತ್ತಿರ ಇದ್ದೀರಿ, ಅಷ್ಟು ಮಾತ್ರ ಹೇಳಬಲ್ಲೆ.